ಪಶುವೈದ್ಯ ವೃತ್ತಿಗೆ ಕಟ್ಟುಪಾಡು ಬಂದ ಬಗೆ

ಮನುಷ್ಯನಿಗೆ ರೋಗ ಬಂದರೆ ತನ್ನ ನೋವನ್ನು ತಾನೇ ಹೇಳಿಕೊಳ್ಳುತ್ತಾನೆ. ವೈದ್ಯನ ಮದ್ದಿನಿಂದ ರೋಗ ಉಲ್ಬಣಿಸಿದರೆ ದೂರುವುದಕ್ಕೂ ಅವನಿಗೆ ಬಾಯಿಯುಂಟು. ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತಿಗೆ, ಕರೆಯುವ ಹಸುವಿಗೆ, ಮಂದೆಯ ಕುರಿಗೆ ಈ ಎರಡು ಭಾಗ್ಯಗಳೂ ಇಲ್ಲ. ಅವುಗಳ ಬೇನೆಯನ್ನು ಒಡೆಯನು ಊಹಿಸಬೇಕು. ಊಹಿಸಿದ ಮೇಲೆ ಬಲ್ಲವನೆಂದು ನಂಬಿದವನ ಕೈಗೆ ಒಪ್ಪಿಸಬೇಕು. ಹಾಗೆ ನಂಬಿದವನು ನಿಜವಾಗಿಯೂ ಬಲ್ಲವನೇ ಎಂಬುದಕ್ಕೆ ಹೊಣೆ ಯಾರು? ಅವನ ತಪ್ಪಿನಿಂದ ದನ ಸತ್ತರೆ ಕೇಳತಕ್ಕವರು ಯಾರು? ಈ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದ ಜನರು ಕೊಟ್ಟ ಉತ್ತರಗಳೇ ಪಶುವೈದ್ಯ ವೃತ್ತಿಯ ನಿಯಂತ್ರಣದ ಇತಿಹಾಸ. ಬೇಸಾಯವನ್ನೂ ಹೈನನ್ನೂ ನಂಬಿ ಬಾಳುವ ನಮ್ಮ ಹೊಸೂರು ಸೀಮೆಯ ಕನ್ನಡ ಮನೆತನಗಳಿಗೆ ಇದು ಬರಿಯ ಕುತೂಹಲದ ವಿಷಯವಲ್ಲ. ಒಂದು ಜೊತೆ ಎತ್ತು ಹೋದರೆ ಒಂದು ವರ್ಷದ ಆರಂಬವೇ ಹೋದಂತೆ ಎಂಬುದನ್ನು ಕಂಡುಂಡವರು ನಾವು.

ಪಶುವೈದ್ಯನನ್ನು ಕಾನೂನು ಪ್ರಶ್ನಿಸಿದ್ದು ಇಂದು ನಿನ್ನೆಯ ಮಾತಲ್ಲ. ಕ್ರಿಸ್ತಪೂರ್ವ 18ನೆಯ ಶತಮಾನದಲ್ಲಿ ಬಾಬಿಲೋನಿಯದ ಅರಸ ಹಮ್ಮುರಾಬಿಯು ಕಲ್ಲಿನಲ್ಲಿ ಕೊರೆಯಿಸಿದ ಕಟ್ಟಳೆಗಳಲ್ಲಿ ಎತ್ತು ಕತ್ತೆಗಳ ವೈದ್ಯನಿಗೂ ಸ್ಥಾನವುಂಟು. ಶಸ್ತ್ರಚಿಕಿತ್ಸೆಯಿಂದ ಪ್ರಾಣಿ ಬದುಕಿಕೊಂಡರೆ ಅವನಿಗೆ ಇಷ್ಟು ಬೆಳ್ಳಿ ಸಲ್ಲತಕ್ಕದ್ದು, ಸತ್ತರೆ ಪ್ರಾಣಿಯ ಬೆಲೆಯ ಕಾಲು ಭಾಗವನ್ನು ಅವನೇ ಒಡೆಯನಿಗೆ ತೆರತಕ್ಕದ್ದು ಎಂದು ಅಲ್ಲಿ ವಿಧಿಸಿದೆ. ನಮ್ಮ ದೇಶದ ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ ಇದನ್ನು ಇನ್ನಷ್ಟು ಸೂಕ್ಷ್ಮವಾಗಿ ವಿಂಗಡಿಸಿದ್ದಾನೆ. ಚಿಕಿತ್ಸೆಯ ಇಲ್ಲವೆ ಔಷಧದ ದೋಷದಿಂದ ರೋಗ ಹೆಚ್ಚಿದರೆ ವೈದ್ಯನಿಗೆ ಚಿಕಿತ್ಸೆಯ ವೆಚ್ಚದ ಇಮ್ಮಡಿ ದಂಡ. ಅವನ ಅಪರಾಧದಿಂದ ಪ್ರಾಣಿ ಕೆಟ್ಟೇ ಹೋದರೆ ಅದರ ಬೆಲೆಯೇ ದಂಡ. ಕುದುರೆಗೆ ಹೇಳಿದ ಈ ನಿಯಮವು ದನ, ಎಮ್ಮೆ, ಕತ್ತೆ, ಒಂಟೆ, ಆಡು, ಕುರಿಗಳಿಗೂ ಅನ್ವಯಿಸುವುದೆಂದು ಅವನು ಮರೆಯದೆ ಹೇಳುತ್ತಾನೆ. ಮನುಸ್ಮೃತಿಯಲ್ಲಿಯೂ ತಪ್ಪು ಚಿಕಿತ್ಸೆ ಮಾಡಿದ ವೈದ್ಯರಿಗೆ ದಂಡವುಂಟು. ರೋಗಿ ಮನುಷ್ಯನಾದರೆ ಮಧ್ಯಮ ದಂಡ, ಪಶುವಾದರೆ ಅದಕ್ಕಿಂತ ಕೆಳಗಿನದು.

ಶಿಕ್ಷಿಸುವ ಕಟ್ಟಳೆಯ ಜೊತೆಗೆ ಪೋಷಿಸುವ ಧರ್ಮವೂ ನಮ್ಮಲ್ಲಿ ಬೆಳೆಯಿತು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಶೋಕನು ತನ್ನ ಎರಡನೆಯ ಬಂಡೆಗಲ್ಲಿನ ಶಾಸನದಲ್ಲಿ ಮನುಷ್ಯರ ಚಿಕಿತ್ಸೆ, ಪಶುಗಳ ಚಿಕಿತ್ಸೆ ಎರಡಕ್ಕೂ ಏರ್ಪಾಡು ಮಾಡಿದುದಾಗಿಯೂ, ಬೇಕಾದ ಮೂಲಿಕೆಗಳನ್ನು ಇಲ್ಲದ ಕಡೆಗೆ ತರಿಸಿ ನೆಡಿಸಿದುದಾಗಿಯೂ ಹೇಳಿಕೊಂಡಿದ್ದಾನೆ. ಆ ಶಾಸನಮಾಲೆಯ ಒಂದು ಪ್ರತಿ ಕರ್ನೂಲು ಸೀಮೆಯ ಎರ್ರಗುಡಿಯ ಬಂಡೆಗಳ ಮೇಲಿದೆ. ಆದವಾನಿಯ ಕನ್ನಡ ಬಂಧುಗಳಿಗೆ ಅದು ದೂರವಲ್ಲ. ಕನ್ನಡ ನುಡಿಯೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿರಲಿಲ್ಲ. 12ನೆಯ ಶತಮಾನದ ಆದಿಭಾಗದಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ದನದ ರೋಗವನ್ನು ಕುರಿತು ಬರೆಯುವುದು ತನ್ನ ಅಂತಸ್ತಿಗೆ ಕಡಿಮೆಯೆಂದು ಆ ರಾಜವಂಶೀಯನು ಭಾವಿಸಲಿಲ್ಲವೆಂಬುದನ್ನು ನಾವು ಹೆಮ್ಮೆಯಿಂದ ನೆನೆಯಬಹುದು.

ಆದರೆ ಈ ಹಳೆಯ ಏರ್ಪಾಡುಗಳಲ್ಲೆಲ್ಲ ಒಂದು ಕೊರತೆಯಿತ್ತು. ತಪ್ಪು ನಡೆದ ಮೇಲೆ ದಂಡ ಹಾಕುವ ಕ್ರಮವಿದ್ದಿತೇ ಹೊರತು, ಮೊದಲೇ ವೈದ್ಯನ ಯೋಗ್ಯತೆಯನ್ನು ಪರೀಕ್ಷಿಸಿ ಇವನು ವೈದ್ಯ, ಇವನಲ್ಲ ಎಂದು ಲೋಕಕ್ಕೆ ತಿಳಿಸುವ ಕ್ರಮವಿರಲಿಲ್ಲ. ದನ ಸತ್ತ ಮೇಲೆ ದಂಡ ಬಂದರೆ ಅರಸನ ಬೊಕ್ಕಸ ತುಂಬೀತು, ಕೊಟ್ಟಿಗೆ ತುಂಬದು. ಈ ಕೊರತೆಯನ್ನು ತುಂಬಿದ ಸಾಧನವು ನೋಡುವುದಕ್ಕೆ ಬಹಳ ಸಾಮಾನ್ಯವಾದುದು. ಅದೊಂದು ಹೆಸರುಗಳ ಪುಸ್ತಕ, ಎಂದರೆ ನೋಂದಣಿ ಪಟ್ಟಿ.

ಈ ಪಟ್ಟಿ ಹುಟ್ಟಿದ್ದು ಐರೋಪ್ಯ ದೇಶಗಳಲ್ಲಿ. ಫ್ರಾನ್ಸಿನ ಲಿಯೋಂ ನಗರದಲ್ಲಿ ಕ್ಲೋದ್ ಬೂರ್ಜೆಲಾ ಎಂಬವನು ಸ್ಥಾಪಿಸಿದ ಪಶುವೈದ್ಯ ಶಾಲೆ 1762ರಲ್ಲಿ ಪಾಠ ಆರಂಭಿಸಿತು. ದನಗಳ ಮಾರಿಬೇನೆಯಿಂದ ಆ ದೇಶದ ಬೇಸಾಯವೇ ಕುಸಿಯುತ್ತಿದ್ದ ಕಾಲವದು. 1791ರಲ್ಲಿ ಲಂಡನ್ನಿನಲ್ಲಿಯೂ ಶಾಲೆಯೊಂದು ನೆಲೆಗೊಂಡಿತು. ಹೀಗೆ ಕಲಿತು ಹೊರಬಂದವರಿಗೂ ಲಾಳ ಕಟ್ಟುತ್ತ ಮದ್ದು ಕೊಡುತ್ತಿದ್ದವರಿಗೂ ಜನರ ಕಣ್ಣಿನಲ್ಲಿ ಭೇದವಿರಲಿಲ್ಲ. 1844ರಲ್ಲಿ ರಾಣಿಯ ಸನ್ನದಿನಿಂದ ಪಶುವೈದ್ಯರ ರಾಯಲ್ ಕಾಲೇಜು ಏರ್ಪಟ್ಟು ಇದು ಒಂದು ಪ್ರತ್ಯೇಕ ವೃತ್ತಿಯೆಂದು ಮಾನ್ಯವಾಯಿತು. 1881ರ ಕಾಯಿದೆಯಿಂದ ಪಶುವೈದ್ಯನೆಂಬ ಬಿರುದು ಪಟ್ಟಿಯಲ್ಲಿದ್ದವರಿಗೆ ಮೀಸಲಾಯಿತು. ಆದರೂ ಬಿರುದಿಲ್ಲದವನು ಬಿರುದನ್ನು ಹೇಳಿಕೊಳ್ಳದೆ ಚಿಕಿತ್ಸೆ ಮಾಡುವುದಕ್ಕೆ ಅಡ್ಡಿಯಿರಲಿಲ್ಲ. ಆ ಬಾಗಿಲು ಮುಚ್ಚಿದ್ದು 1948ರ ಕಾಯಿದೆಯಿಂದ. ದೂರನ್ನು ಮೊದಲು ಒಂದು ಸಮಿತಿ ಶೋಧಿಸುವುದು, ಹುರುಳಿದ್ದರೆ ಬೇರೊಂದು ಸಮಿತಿ ಬಹಿರಂಗವಾಗಿ ವಿಚಾರಿಸುವುದು ಎಂಬ ವಿಂಗಡಣೆಗೆ 1966ರ ಕಾಯಿದೆ ಆಧಾರವಾಯಿತು. ಸನ್ನದಿನಿಂದ ಈ ಹಂತಕ್ಕೆ ಬರಲು 122 ವರ್ಷಗಳು ಹಿಡಿದುವು.

ಇನ್ನು ನಮ್ಮ ದೇಶದ ಮಾತು. ಆಂಗ್ಲ ಸರಕಾರ ಮೊದಲು ಕಂಡದ್ದು ಕುದುರೆಯನ್ನು, ಆಮೇಲೆ ಕಂದಾಯವನ್ನು, ಕಟ್ಟಕಡೆಗೆ ರೈತನನ್ನು. ದಂಡಿಗೆ ಕುದುರೆಗಳನ್ನು ಒದಗಿಸುವುದಕ್ಕಾಗಿ 1824ರಲ್ಲಿ ಕಂಪನಿ ಸರಕಾರ ನಮ್ಮ ಹೊಸೂರಿನ ಬಳಿ ಮತ್ತಿಗಿರಿಯಲ್ಲಿ ಸ್ಥಾಪಿಸಿದ ಕ್ಷೇತ್ರವೇ ಇದಕ್ಕೆ ಸಾಕ್ಷಿ. ಕುದುರೆಲಾಯವಾಗಿದ್ದ ಆ ಸ್ಥಳ ಮುಂದೆ ದನಗಳ ಸಾಕಣೆಯ ಕ್ಷೇತ್ರವಾದದ್ದನ್ನು ನಮ್ಮವರೆಲ್ಲ ಬಲ್ಲರು. ಅತ್ತ ಹಳ್ಳಿಗಳಲ್ಲಿ ದೊಡ್ಡರೋಗ ಬಂದಿತೆಂದರೆ ಊರ ದನವೆಲ್ಲ ಒಂದೇ ಸಮನೆ ಉರುಳುತ್ತಿತ್ತು. ಮಾರಿಗೆ ಹರಕೆ ಹೊರುವುದು, ಊರ ಗಡಿಯಲ್ಲಿ ತೋರಣ ಕಟ್ಟುವುದು, ಇಷ್ಟೇ ಜನರಿಗೆ ಉಳಿದ ದಾರಿ. ದನ ಸತ್ತರೆ ಉಳುಮೆ ನಿಲ್ಲುವುದು, ಉಳುಮೆ ನಿಂತರೆ ಕಂದಾಯ ನಿಲ್ಲುವುದು ಎಂಬುದು ಸರಕಾರಕ್ಕೆ ಅರಿವಾದಾಗ, 1869ರಲ್ಲಿ ದನಗಳ ಮಾರಿಬೇನೆಯನ್ನು ವಿಚಾರಿಸಲು ಆಯೋಗವೊಂದು ನೇಮಕವಾಗಿ 1871ರಲ್ಲಿ ವರದಿ ಒಪ್ಪಿಸಿತು. ಆಮೇಲೆ 1882ರಲ್ಲಿ ಲಾಹೋರಿನಲ್ಲಿ, 1886ರಲ್ಲಿ ಮುಂಬಯಿಯಲ್ಲಿ, 1903ರಲ್ಲಿ ಮದರಾಸಿನಲ್ಲಿ ಪಶುವೈದ್ಯ ಕಾಲೇಜುಗಳು ತೆರೆದುವು. ರೋಗಸಂಶೋಧನೆಗಾಗಿ 1889ರಲ್ಲಿ ಪುಣೆಯಲ್ಲಿ ಹುಟ್ಟಿದ ಪ್ರಯೋಗಶಾಲೆಯನ್ನು 1893ರಲ್ಲಿ ಹಿಮಾಲಯದ ತಪ್ಪಲಿನ ಮುಕ್ತೇಶ್ವರಕ್ಕೆ ಸಾಗಿಸಿದರು. ಮದರಾಸಿನ ಕಾಲೇಜು 1936ರಲ್ಲಿ ವಿಶ್ವವಿದ್ಯಾನಿಲಯದ ಪದವಿ ಶಿಕ್ಷಣವನ್ನು ಆರಂಭಿಸಿತು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಬಂದದ್ದು 1958ರಲ್ಲಿ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಮನುಷ್ಯರ ವೈದ್ಯರಿಗೆ ಮುಂಬಯಿ ಪ್ರಾಂತದಲ್ಲಿ 1912ರಲ್ಲಿಯೂ ಮದರಾಸು ಪ್ರಾಂತದಲ್ಲಿ 1914ರಲ್ಲಿಯೂ ನೋಂದಣಿಯ ಕಾಯಿದೆಗಳಾದುವು. ದಂತವೈದ್ಯರಿಗೂ ಔಷಧ ವ್ಯಾಪಾರಿಗಳಿಗೂ 1948ರಲ್ಲಿ ಆದುವು. ಪಶುವೈದ್ಯರ ಮಟ್ಟಿಗೆ ಮಹಾರಾಷ್ಟ್ರದಂತಹ ರಾಜ್ಯವು 1971ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿದ್ದರೂ ದೇಶಕ್ಕೆಲ್ಲ ಒಂದಾದ ಕಾಯಿದೆ ಬಂದದ್ದು 1984ರಲ್ಲಿ. ಮದರಾಸಿನ ವೈದ್ಯರ ಪಟ್ಟಿಗೂ ದೇಶದ ಪಶುವೈದ್ಯರ ಪಟ್ಟಿಗೂ ನಡುವೆ 70 ವರ್ಷಗಳ ಅಂತರ! ಇಷ್ಟು ತಡವಾದುದೇಕೆ? ಪಶುವೈದ್ಯರಲ್ಲಿ ಬಹುಮಂದಿ ಸರಕಾರದ ನೌಕರರಾಗಿದ್ದರು. ನೌಕರನಿಗೆ ಇಲಾಖೆಯ ಶಿಸ್ತು ಇದ್ದೇ ಇದೆ, ಬೇರೆ ಪಟ್ಟಿ ಏತಕ್ಕೆ ಎಂಬ ಭಾವನೆ ಬೇರೂರಿತ್ತು. ಹೀಗಾಗಿ ರೈತನ ದೂರು ವೃತ್ತಿಧರ್ಮದ ಪ್ರಶ್ನೆಯಾಗದೆ ಇಲಾಖೆಯ ಒಳಗಿನ ಕಾಗದವಾಗಿಬಿಡುತ್ತಿತ್ತು. ಮೇಲಧಿಕಾರಿಗೆ ಅರ್ಜಿ, ಅರ್ಜಿಯ ಮೇಲೊಂದು ಷರಾ, ಬಹಳವೆಂದರೆ ವರ್ಗಾವಣೆ. ಇಲಾಖೆಯ ಹೊರಗೆ ಯಾವ ಯೋಗ್ಯತೆಯೂ ಇಲ್ಲದೆ ಸೂಜಿ ಹಿಡಿದು ತಿರುಗುವವನನ್ನು ಕೇಳುವವರೇ ಇರಲಿಲ್ಲ.

ಕಾಯಿದೆ ಮಾಡುವುದಕ್ಕೆ ರಾಜ್ಯಾಂಗದ ತೊಡಕೊಂದಿತ್ತು. ಪಶುವೈದ್ಯ ಶಿಕ್ಷಣವೂ ವೃತ್ತಿಯೂ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯಗಳು. ಸಂಸತ್ತು ತಾನಾಗಿ ಅವುಗಳ ಮೇಲೆ ಶಾಸನ ಮಾಡುವಂತಿಲ್ಲ. ಎರಡು ಅಥವಾ ಹೆಚ್ಚು ರಾಜ್ಯಗಳ ವಿಧಾನಮಂಡಲಗಳು ಕೇಳಿಕೊಂಡರೆ ಮಾಡಬಹುದೆಂದು 252ನೆಯ ಅನುಚ್ಛೇದ ಅವಕಾಶವಿತ್ತಿದೆ. ಹರಿಯಾಣ, ಬಿಹಾರ, ಒರಿಸ್ಸಾ, ಹಿಮಾಚಲ ಪ್ರದೇಶ, ರಾಜಸ್ಥಾನ ಈ ಐದು ರಾಜ್ಯಗಳ ನಿರ್ಣಯಗಳ ಮೇಲೆ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆ 1984ರಲ್ಲಿ ಅಂಗೀಕೃತವಾಯಿತು. ತಮಿಳುನಾಡು, ಕರ್ನಾಟಕ ಮೊದಲಾದ ರಾಜ್ಯಗಳು ತರುವಾಯ ಅದನ್ನು ತಮ್ಮದಾಗಿ ಮಾಡಿಕೊಂಡುವು. ದೇಶದ ಪರಿಷತ್ತು 1989ರಲ್ಲಿ ರೂಪುಗೊಂಡಿತು. ರಾಜ್ಯಗಳಲ್ಲಿ ರಾಜ್ಯ ಪರಿಷತ್ತುಗಳು ಏರ್ಪಟ್ಟುವು.

ಈ ಕಾಯಿದೆಯ ತಿರುಳು ಅದರ 30ನೆಯ ಪ್ರಕರಣದಲ್ಲಿದೆ. ಮಾನ್ಯವಾದ ಪದವಿಯನ್ನು ಪಡೆದು ಪಟ್ಟಿಯಲ್ಲಿ ಹೆಸರು ಬರೆಸಿಕೊಂಡವನೇ ಪಶುವೈದ್ಯ ವೃತ್ತಿಯನ್ನು ನಡೆಸತಕ್ಕವನು. ಅವನೇ ಸರಕಾರದಲ್ಲಿ ಪಶುವೈದ್ಯನ ಹುದ್ದೆಯನ್ನು ಹೊಂದತಕ್ಕವನು. ಕಾನೂನು ಬೇಡುವ ಪ್ರಮಾಣಪತ್ರಗಳಿಗೆ ಸಹಿ ಹಾಕತಕ್ಕವನೂ ನ್ಯಾಯಾಲಯದಲ್ಲಿ ತಜ್ಞನಾಗಿ ಸಾಕ್ಷಿ ನುಡಿಯತಕ್ಕವನೂ ಅವನೇ. ದನದ ವಿಮೆಯ ಹಣಕ್ಕಾಗಿ ಓಡಾಡಿದವರಿಗೆ ಒಂದು ಸಹಿಯ ಬೆಲೆಯೆಷ್ಟೆಂಬುದು ತಿಳಿಯದ ವಿಷಯವಲ್ಲ. ಹಾಗೆಂದು ಹಳ್ಳಿಯ ಕಷ್ಟವನ್ನು ಕಾಯಿದೆ ಮರೆತಿಲ್ಲ. ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಕಟ್ಟು ಕಟ್ಟುವುದು ಮುಂತಾದ ಕಿರುಸೇವೆಗಳನ್ನು ತರಬೇತಿ ಪಡೆದ ಸಹಾಯಕರು ನೋಂದಾಯಿತ ವೈದ್ಯನ ಮೇಲ್ವಿಚಾರಣೆಯಲ್ಲಿ ಮಾಡುವಂತೆ ರಾಜ್ಯ ಸರಕಾರ ಅನುಮತಿ ಕೊಡಬಹುದು. ನೋಂದಣಿಯಿಲ್ಲದವನು ಪಶುವೈದ್ಯನೆಂದು ಹೇಳಿಕೊಂಡು ಚಿಕಿತ್ಸೆಗೆ ಇಳಿದರೆ ಅದು ದಂಡನೆಗೆ ಅರ್ಹವಾದ ಅಪರಾಧ. ಚಪ್ಪೆಬೇನೆಗೂ ಗಳಲೆರೋಗಕ್ಕೂ ಮೂಲಿಕೆಗಳನ್ನು ಬಲ್ಲ ಹಿರಿಯರು ನಮ್ಮ ಊರುಗಳಲ್ಲಿ ಇದ್ದರು; ಅವರ ಅನುಭವ ಹಗುರಾದುದಲ್ಲ. ಆದರೆ ತಲೆಮಾರುಗಳ ಅನುಭವ ಬೇರೆ, ನಾಲ್ಕು ಔಷಧದ ಸೀಸೆಗಳ ಹೆಸರು ಕಲಿತು ಬಿರುದು ಹಚ್ಚಿಕೊಂಡವನ ಸಾಹಸ ಬೇರೆ.

ಪಟ್ಟಿಯ ನಿಜವಾದ ಶಕ್ತಿ ಹೆಸರನ್ನು ಬರೆಯುವುದರಲ್ಲಿ ಮಾತ್ರವಲ್ಲ, ಬರೆದ ಹೆಸರನ್ನು ಹೊಡೆದುಹಾಕುವುದರಲ್ಲಿಯೂ ಇದೆ. ವೈದ್ಯರ ನಡತೆ, ಶಿಷ್ಟಾಚಾರ, ವೃತ್ತಿಧರ್ಮಗಳ ನಿಯಮಾವಳಿಯನ್ನು ದೇಶದ ಪರಿಷತ್ತು 1992ರಲ್ಲಿ ಹೊರಡಿಸಿತು. ನೋಂದಾಯಿತ ವೈದ್ಯನು ವೃತ್ತಿಗೆ ಕಳಂಕ ತರುವಂತೆ ನಡೆದನೆಂದು ಲಿಖಿತವಾಗಿ ದೂರು ಬಂದರೆ ರಾಜ್ಯ ಪರಿಷತ್ತು ವಿಚಾರಣೆ ನಡೆಸಬಹುದು. ವೈದ್ಯನಿಗೆ ತನ್ನ ಸಮಾಧಾನ ಹೇಳಿಕೊಳ್ಳಲು ಅವಕಾಶ ಕೊಟ್ಟೇ ತೀರಬೇಕು. ತಪ್ಪು ಸಿದ್ಧವಾದರೆ ಅವನ ಹೆಸರನ್ನು ಒಂದು ಅವಧಿಯವರೆಗೆ ಅಥವಾ ಶಾಶ್ವತವಾಗಿ ಪಟ್ಟಿಯಿಂದ ತೆಗೆಯಬಹುದು. ವೈದ್ಯರ ತಪ್ಪನ್ನು ವೈದ್ಯರೇ ವಿಚಾರಿಸುವುದು ಬೆಕ್ಕಿನ ನ್ಯಾಯವನ್ನು ಬೆಕ್ಕೇ ಹೇಳಿದಂತಲ್ಲವೇ ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪದಲ್ಲಿ ತಥ್ಯವಿಲ್ಲವೆಂದು ಹೇಳಲಾರೆ. ಆದರೆ ಕರು ಅಡ್ಡ ತಿರುಗಿದಾಗ ವೈದ್ಯನು ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಆ ವಿದ್ಯೆಯನ್ನು ಬಲ್ಲವನಲ್ಲದೆ ಬೇರೆಯವನು ಹೇಗೆ ತೀರ್ಮಾನಿಸಬಲ್ಲನು? ಇದೂ ಅಷ್ಟೇ ಸತ್ಯ. ಚಿಕಿತ್ಸೆ ಫಲಿಸದ ಮಾತ್ರಕ್ಕೆ ವೈದ್ಯನು ಅಪರಾಧಿಯಾಗನು. ಆ ವಿದ್ಯೆಯಲ್ಲಿ ಸಾಧಾರಣ ಎಚ್ಚರವುಳ್ಳವನು ಮಾಡದಿರುವುದನ್ನು ಇವನು ಮಾಡಿದನೇ, ಮಾಡುವುದನ್ನು ಬಿಟ್ಟನೇ ಎಂಬುದೇ ಪ್ರಶ್ನೆ. ಕೌಟಿಲ್ಯನು ಬರಿಯ ಮರಣವನ್ನಲ್ಲದೆ ವೈದ್ಯನ ದೋಷವನ್ನು ಎಣಿಸಿದ್ದು ಈ ವಿವೇಕದಿಂದಲೇ.

ಪರಿಷತ್ತಿನ ಅಧಿಕಾರಕ್ಕೆ ಮಿತಿಯೂ ಉಂಟು. ಅದು ಹೆಸರನ್ನು ತೆಗೆದೀತು, ಸತ್ತ ಹಸುವಿನ ಬೆಲೆಯನ್ನು ಕೊಡಿಸಲಾರದು. ಇದನ್ನರಿಯದೆ ಒಂದೇ ಬಾಗಿಲನ್ನು ತಟ್ಟಿ ನಿರಾಶರಾಗುವವರು ಬಹಳ. ಪರಿಹಾರದ ಹಣಕ್ಕೆ ಗ್ರಾಹಕರ ಆಯೋಗವಿದೆ. 1986ರಲ್ಲಿ ಮೊದಲ ಗ್ರಾಹಕ ರಕ್ಷಣೆಯ ಕಾಯಿದೆಯೂ ಅದರ ಸ್ಥಾನದಲ್ಲಿ 2019ರ ಹೊಸ ಕಾಯಿದೆಯೂ ಬಂದುವು. ಶುಲ್ಕ ತೆತ್ತು ಪಡೆದ ಸೇವೆಯಲ್ಲಿ ಕೊರತೆಯಾದರೆ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗದ ಮುಂದೆ ಹೋಗಬಹುದು. ಎಲ್ಲರಿಗೂ ಪುಕ್ಕಟೆಯಾಗಿ ನಡೆಯುವ ಚಿಕಿತ್ಸೆ ಈ ಕಾಯಿದೆಯ ವ್ಯಾಪ್ತಿಗೆ ಬಾರದೆಂದು ಮನುಷ್ಯರ ಆಸ್ಪತ್ರೆಗಳ ಸಂಬಂಧದಲ್ಲಿ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪು ಕೊಟ್ಟಿದೆ; ಪುಕ್ಕಟೆ ಪಶುಚಿಕಿತ್ಸೆಗೂ ಅದೇ ತತ್ತ್ವ ಅಡ್ಡ ಬರಬಹುದು. ಸರಕಾರದ ವೈದ್ಯನು ಕರೆದರೂ ಬಾರದಿದ್ದರೆ, ಕರ್ತವ್ಯದಲ್ಲಿ ಉದಾಸೀನನಾದರೆ ಅವನ ಇಲಾಖೆಗೆ ಬರೆಯಬೇಕು. ವೈದ್ಯನೇ ಅಲ್ಲದವನು ವೈದ್ಯನಾಗಿ ಬಂದಿದ್ದರೆ ಪೋಲೀಸಿಗೂ ಪರಿಷತ್ತಿಗೂ ತಿಳಿಸಬೇಕು. ಹೆಸರಿಗೆ ಪರಿಷತ್ತು, ಹಣಕ್ಕೆ ಆಯೋಗ, ಕರ್ತವ್ಯಕ್ಕೆ ಇಲಾಖೆ, ಸೋಗಿಗೆ ಪೋಲೀಸು. ಈ ನಾಲ್ಕು ಬಾಗಿಲುಗಳ ಭೇದವನ್ನು ಮನೆಯ ಮಕ್ಕಳಿಗೆ ಕಲಿಸಿಡುವುದು ಒಳ್ಳೆಯದು.

ಯಾವ ಬಾಗಿಲಿಗೆ ಹೋದರೂ ಮೊದಲು ಕೇಳುವುದು ಆಧಾರವನ್ನು. ಮೂಕ ರೋಗಿಯ ಪರವಾಗಿ ಕಾಗದವೇ ಮಾತನಾಡಬೇಕು. ಔಷಧದ ಚೀಟಿ, ಹಣ ಕೊಟ್ಟ ರಸೀತಿ, ಖಾಲಿಯಾದ ಸೀಸೆ, ಯಾವ ದಿನ ಯಾವ ಹೊತ್ತಿಗೆ ಏನು ಕೊಟ್ಟರೆಂಬ ಟಿಪ್ಪಣಿ ಇವುಗಳನ್ನು ಜೋಪಾನ ಮಾಡಬೇಕು. ದನ ಸತ್ತರೆ ಹೂಳುವ ಮೊದಲು ಬೇರೊಬ್ಬ ನೋಂದಾಯಿತ ವೈದ್ಯನಿಂದ ಮರಣೋತ್ತರ ಪರೀಕ್ಷೆ ಮಾಡಿಸಿ ವರದಿ ಪಡೆಯಬೇಕು. ದುಃಖದ ಆವೇಗದಲ್ಲಿ ಅಂದೇ ಸಂಜೆ ಹೂತು ಮರುದಿನ ನ್ಯಾಯ ಕೇಳಹೊರಟರೆ ನ್ಯಾಯಾಧೀಶನಾದರೂ ಏನು ಮಾಡಬಲ್ಲನು?

ಗಡಿಯಲ್ಲಿ ಬಾಳುವ ನಮಗೆ ಇನ್ನೂ ಒಂದು ತೊಡಕುಂಟು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಗೆರೆ ನೆಲದ ಮೇಲೆ ಬಿದ್ದಿತು, ದನಗಳು ಅದನ್ನು ಅರಿಯವು. ತಳಿ, ಬಾಗಲೂರುಗಳ ಕಡೆಯ ನಮ್ಮ ಜನ ಆನೇಕಲ್ಲು, ಅತ್ತಿಬೆಲೆಗಳಿಂದ ವೈದ್ಯರನ್ನು ಕರೆಸುವುದೂ ಅಲ್ಲಿಗೆ ದನ ಹೊಡೆದುಕೊಂಡು ಹೋಗುವುದೂ ಸಹಜ. ಅಂಥ ವೈದ್ಯನ ಹೆಸರು ಕರ್ನಾಟಕದ ಪಟ್ಟಿಯಲ್ಲಿದ್ದರೆ ಅವನ ನಡತೆಯ ದೂರು ಬೆಂಗಳೂರಿನ ಪರಿಷತ್ತಿಗೂ, ತಮಿಳುನಾಡಿನ ಪಟ್ಟಿಯಲ್ಲಿದ್ದರೆ ಚೆನ್ನೈಯ ಪರಿಷತ್ತಿಗೂ ಹೋಗಬೇಕು. ಆದುದರಿಂದ ವೈದ್ಯನ ನೋಂದಣಿಯ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುವುದು ಅವಮಾನವಲ್ಲ, ವಿವೇಕ. ನಿಜವಾದ ವೈದ್ಯನು ಅದಕ್ಕೆ ಮುನಿಯನು. ಪರಿಹಾರದ ದೂರನ್ನಾದರೋ 2019ರ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು. ಗಡಿಯ ಆಚೆಗೆ ಅಲೆಯಬೇಕಾಗಿಲ್ಲ.

ಭಾಷೆಯ ಅಳುಕು ಇದಕ್ಕಿಂತ ದೊಡ್ಡದು. ಕನ್ನಡ ಶಾಲೆಯಲ್ಲಿ ಓದಿದ ಒಕ್ಕಲಿಗನು ಚೆನ್ನೈಗೆ ಯಾವ ಭಾಷೆಯಲ್ಲಿ ಬರೆಯಬೇಕೆಂದು ಹಿಂಜರಿದು ಕಡೆಗೆ ಬರೆಯದೆಯೇ ಬಿಡುತ್ತಾನೆ. ನಮ್ಮ ರಾಜ್ಯಾಂಗದ 350ನೆಯ ಅನುಚ್ಛೇದವನ್ನು ಇಂಥವರು ನೆನಪಿನಲ್ಲಿಡಬೇಕು. ಕುಂದುಕೊರತೆಯ ಪರಿಹಾರಕ್ಕಾಗಿ ರಾಜ್ಯದ ಯಾವುದೇ ಅಧಿಕಾರಿಗೆ ಅಥವಾ ಪ್ರಾಧಿಕಾರಕ್ಕೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬನಿಗೂ ಅದು ಹಕ್ಕು ಕೊಟ್ಟಿದೆ. ಹೊಸೂರು, ತಾಳವಾಡಿಗಳಲ್ಲಿ ಕನ್ನಡ ಬಳಕೆಯ ಭಾಷೆಯಲ್ಲವೆಂದು ಯಾರು ಹೇಳಬಲ್ಲರು? ಜೊತೆಗೆ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಒಂದು ಅನುವಾದವನ್ನು ಲಗತ್ತಿಸಿದರೆ ಕೆಲಸ ಬೇಗ ಸಾಗುವುದು. ಅದು ಸೌಕರ್ಯದ ಮಾತು. ಕನ್ನಡದಲ್ಲಿ ಬರೆಯುವುದು ಹಕ್ಕಿನ ಮಾತು. ಇಂತಹ ಮನವಿಗಳನ್ನು ಬರೆದುಕೊಡುವುದಕ್ಕೂ ಅನುವಾದಿಸಿಕೊಡುವುದಕ್ಕೂ ನಮ್ಮ ಸಂಘದ ವಿದ್ಯಾವಂತ ತರುಣರು ವಾರಕ್ಕೊಂದು ಸಂಜೆಯನ್ನು ಮೀಸಲಿಟ್ಟರೆ ರಾಜ್ಯೋತ್ಸವದ ಭಾಷಣಗಳಿಗಿಂತ ಹೆಚ್ಚಿನ ಕನ್ನಡ ಸೇವೆಯಾದೀತು.

ಇಷ್ಟು ಹೇಳಿದ್ದರಿಂದ ಪಶುವೈದ್ಯರೆಲ್ಲರನ್ನೂ ಸಂಶಯದಿಂದ ನೋಡಬೇಕೆಂದು ಯಾರೂ ತಿಳಿಯಬಾರದು. ತಲೆತಲಾಂತರದಿಂದ ನಮ್ಮ ಕೊಟ್ಟಿಗೆಗಳನ್ನು ಬರಿದು ಮಾಡುತ್ತಿದ್ದ ದೊಡ್ಡರೋಗವನ್ನು ಬೇರುಸಹಿತ ಕಿತ್ತವರು ಇದೇ ವೃತ್ತಿಯವರು. ಮುಕ್ತೇಶ್ವರದಲ್ಲಿ 1927ರಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ಆಡಿನ ಮೂಲಕ ಸಿದ್ಧಪಡಿಸಿದ ಲಸಿಕೆ, 1954ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಯೋಜನೆ, ಹಳ್ಳಿಹಳ್ಳಿಗೆ ಕಾಲ್ನಡಿಗೆಯಲ್ಲಿ ಹೋಗಿ ಸೂಜಿ ಹಾಕಿದ ಅನಾಮಧೇಯ ನೌಕರರು, ಇವರೆಲ್ಲರ ಶ್ರಮದಿಂದ 2011ರಲ್ಲಿ ಆ ರೋಗ ಜಗತ್ತಿನಿಂದಲೇ ಅಳಿಯಿತೆಂದು ಸಾರಲಾಯಿತು. ಮನುಷ್ಯರ ಸಿಡುಬಿನ ತರುವಾಯ ಹೀಗೆ ಅಳಿದುಹೋದ ರೋಗ ಇದೊಂದೇ. ಅಂಥ ವೃತ್ತಿಯ ಗೌರವವನ್ನು ಕಾಯುವುದಕ್ಕೇ ಪಟ್ಟಿ ಇರುವುದು. ಪ್ರಾಮಾಣಿಕನಾದ ವೈದ್ಯನಿಗೆ ಅದು ಕವಚ, ಸೋಗುಗಾರನಿಗೆ ಮಾತ್ರ ಬೇಲಿ.

ಕಾಯಿದೆ ಬಂದಿದೆ, ಪರಿಷತ್ತುಗಳು ಇವೆ, ಪಟ್ಟಿಯಲ್ಲಿ ಹೆಸರುಗಳೂ ಇವೆ. ಆದರೆ ಯಾರೂ ತೆರೆದು ನೋಡದ ಪಟ್ಟಿ ಪೆಟ್ಟಿಗೆಯಲ್ಲಿಟ್ಟ ಪಂಚಾಂಗದಂತೆ. ಬಾಗಿಲಿಗೆ ಬಂದ ವೈದ್ಯನನ್ನು ವಿನಯದಿಂದ ವಿಚಾರಿಸುವ, ಕಾಗದವನ್ನು ಕಾಪಾಡುವ, ಅನ್ಯಾಯ ಕಂಡರೆ ತನ್ನ ನುಡಿಯಲ್ಲಿ ತಾನು ಬರೆಯುವ ಧೈರ್ಯ ನಮ್ಮ ಮನೆಗಳಲ್ಲಿ ಬೆಳೆಯಲಿ. ಮಾತು ಬಾರದ ಜೀವಕ್ಕೆ ಅದರ ಒಡೆಯನೇ ಬಾಯಿ. ಆ ಬಾಯಿ ಗಡಿಯ ಅಳುಕಿನಿಂದ ಮುಚ್ಚದಿರಲಿ.